ಹಳೇ ಕಂಪ್ರೆಸರ್ ಗಾಳಿ ಕಟ್ಟುತ್ತಿಲ್ಲವೇ? ಪಂಪ್ ಬಿಚ್ಚುವ ಮುಂಚೆ ಟ್ಯಾಂಕ್ ನೋಡಿ

ಗೇಟಿಗೆ ಪೇಂಟ್ ಹೊಡೆಯಲು ಶುರು ಮಾಡಿದಾಗ ಗನ್ ಚೆನ್ನಾಗಿಯೇ ಹೊಡೆಯುತ್ತದೆ. ಅರ್ಧ ಗೇಟ್ ಮುಗಿಯುವಷ್ಟರಲ್ಲಿ ಫ್ಯಾನ್ (ಗನ್ನಿನಿಂದ ಪೇಂಟ್ ಬೀಸಣಿಗೆಯಂತೆ ಹರಡುವ ಅಗಲ) ಕಿರಿದಾಗಿ ಪೇಂಟ್ ಹನಿಹನಿಯಾಗಿ ಬೀಳುತ್ತದೆ. ಗೇಜ್ ನೋಡಿದರೆ ಮುಳ್ಳು ಮೂರು ಕೆಜಿಗಿಂತ (ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಅನ್ನುವ ಒತ್ತಡದ ಅಳತೆ) ಕೆಳಗೆ. ಮೋಟಾರ್ ಮಾತ್ರ ನಿಲ್ಲದೆ ಓಡುತ್ತಲೇ ಇರುತ್ತದೆ. "ಅಣ್ಣ, ಕಂಪ್ರೆಸರ್ ಹೋಯ್ತು ಕಣಣ್ಣ, ಹೊಸದು ತಗೊಳ್ಳೋದೇ ವಾಸಿ" ಅಂತ ಪೇಂಟರ್ ಹುಡುಗ ತೀರ್ಪು ಕೊಟ್ಟುಬಿಡುತ್ತಾನೆ.

ಚಿಕ್ಕಮಗಳೂರಿನ ಗ್ರಿಲ್ ಶೆಡ್, ಗ್ಯಾರೇಜುಗಳಲ್ಲಿ ಈ ಮಾತು ಮಳೆಗಾಲ ಮುಗಿಯುವ ಹೊತ್ತಿಗೆ ಜಾಸ್ತಿ ಕೇಳುತ್ತದೆ. ಕಾಫಿ ಕೊಯ್ಲಿಗೆ ಮುಂಚೆ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮೆಷಿನ್), ಟ್ರೇಲರ್, ಜೀಪು ಎಲ್ಲವೂ ಪೇಂಟಿಗೆ ಬರುತ್ತವೆ. ತಿಂಗಳುಗಟ್ಟಲೆ ಮೂಲೆಯಲ್ಲಿ ತೇವ ಕುಡಿದು ಕೂತಿದ್ದ ಕಂಪ್ರೆಸರ್ ಸರಿಯಾಗಿ ಆಗಲೇ ಕೈಕೊಡುತ್ತದೆ. ನನ್ನ ಅನುಭವದಲ್ಲಿ ಇಂಥ ಮೆಷಿನ್‌ಗಳಲ್ಲಿ ಬಹಳಷ್ಟು ನಿಜವಾಗಿ ಹೋಗಿರುವುದಿಲ್ಲ. ಪಂಪ್, ಮೋಟಾರ್, ಸ್ವಿಚ್ ಎಲ್ಲವನ್ನೂ ಬೋಲ್ಟ್ ಬಿಚ್ಚಿ ಬದಲಾಯಿಸಬಹುದು. ಬದಲಾಯಿಸಿದರೂ ದಂಡ ಅನ್ನಿಸುವುದು ಒಂದೇ ಸಂದರ್ಭದಲ್ಲಿ: ಟ್ಯಾಂಕ್ ಒಳಗಿನಿಂದ ತುಕ್ಕು ತಿಂದಿದ್ದರೆ. ಅದಕ್ಕೇ ಪರೀಕ್ಷೆ ಶುರುವಾಗಬೇಕಾದ್ದು ಟ್ಯಾಂಕಿನಿಂದ. ನಮ್ಮಲ್ಲಿ ಆಗುವುದು ಉಲ್ಟಾ. ಮೊದಲು ಪಿಸ್ಟನ್ ರಿಂಗ್ ಹಾಕಿಸಿ, ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಕೆಲಸ ಮಾಡಿಸಿ, ದುಡ್ಡೆಲ್ಲ ಸುರಿದ ಮೇಲೆ ಟ್ಯಾಂಕಿನ ತಳದಲ್ಲಿ ಬುಸ್ ಅನ್ನುವ ತೂತು ಕಾಣುತ್ತದೆ.

ಇಲ್ಲಿ ಹೇಳುವುದೆಲ್ಲ ನಮ್ಮ ಕಡೆ ಸಾಮಾನ್ಯವಾಗಿ ಸಿಗುವ ಮೆಷಿನ್ ಬಗ್ಗೆ: ಎರಡು ಎಚ್‌ಪಿ ಮೋಟಾರ್, ಬೆಲ್ಟ್ ಡ್ರೈವ್, ಸುಮಾರು 160 ಲೀಟರ್ ಟ್ಯಾಂಕ್. ಬೇರೆ ಅಳತೆಯದಾದರೂ ದಾರಿ ಇದೇ.

ಕೈ ಹಾಕುವ ಮುಂಚೆ ಪ್ಲಗ್ ಕಿತ್ತು ಪಕ್ಕಕ್ಕಿಡಿ. ಸುಮ್ನೆ ಸ್ವಿಚ್ ಆಫ್ ಮಾಡಿದರೆ ಸಾಲದು. ಪ್ರೆಶರ್ ಸ್ವಿಚ್ ಇರುವ ಮೆಷಿನ್ ಗಾಳಿ ಇಳಿದ ಕೂಡಲೇ ತಾನೇ ಸ್ಟಾರ್ಟ್ ಆಗುತ್ತದೆ, ಬೆಲ್ಟಿನ ನಡುವೆ ಬೆರಳಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ತಳದಲ್ಲಿರುವ ಡ್ರೈನ್ ಕಾಕ್ ತೆಗೆದು ಟ್ಯಾಂಕ್ ಪೂರ್ತಿ ಖಾಲಿ ಮಾಡಿ.

ಟ್ಯಾಂಕ್

ಖಾಲಿ ಮಾಡುವಾಗಲೇ ಅರ್ಧ ವಿಷಯ ತಿಳಿಯುತ್ತದೆ. ಡ್ರೈನ್ ಕೆಳಗೆ ಒಂದು ಬಿಳಿ ಡಬ್ಬ ಇಡಿ. ತಿಳಿಯಾದ ನೀರು, ಸ್ವಲ್ಪ ಎಣ್ಣೆ ಜಿಡ್ಡು ಬಂದರೆ ಚಿಂತೆಯಿಲ್ಲ. ಇಟ್ಟಿಗೆ ಬಣ್ಣದ ನೀರು ಬಂದರೆ ಒಳಗೆ ತುಕ್ಕು ಶುರುವಾಗಿದೆ. ನೀರಿನ ಜೊತೆ ತುಕ್ಕಿನ ಚಕ್ಕೆಗಳೇ ಉದುರಿದರೆ ತಗಡು ಪದರ ಪದರವಾಗಿ ಏಳುತ್ತಿದೆ ಅಂತ ಅರ್ಥ. ಡ್ರೈನ್ ತೆಗೆದರೂ ಏನೂ ಬರದಿದ್ದರೆ ಖುಷಿಪಡಬೇಡಿ. ಕೆಸರು ಕಟ್ಟಿ ತೂತೇ ಮುಚ್ಚಿರಬಹುದು, ತಂತಿ ಹಾಕಿ ಚುಚ್ಚಿ ನೋಡಿ.

ಗಾಳಿ ಪೂರ್ತಿ ಇಲ್ಲದಿರುವಾಗ ಸಣ್ಣ ಸುತ್ತಿಗೆಯಿಂದ ಟ್ಯಾಂಕಿನ ತಳವನ್ನು ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ತಗಡು ಠಣ್ ಅನ್ನುತ್ತದೆ. ತೆಳುವಾದ ಕಡೆ ಸದ್ದು ಸತ್ತ ಹಾಗೆ ಇರುತ್ತದೆ. ಕಾಲುಗಳ ಬೆಸುಗೆ ಹತ್ತಿರ, ಡ್ರೈನ್ ಸುತ್ತ, ತಳದ ನಡುಗೆರೆ, ನೀರು ನಿಲ್ಲುವ ಈ ಜಾಗಗಳೇ ಮೊದಲು ಹೋಗುವುದು. ಹೊರಗೆ ಹೊಸ ಪೇಂಟ್ ಹೊಡೆದು ಮಿರಮಿರ ಮಾಡಿದ್ದರೆ ಒಂದು ಪಟ್ಟು ಜಾಸ್ತಿ ಅನುಮಾನ ಪಡಿ. ತುಕ್ಕು ಒಳಗಿನದು, ಹೊರಗಿನ ಬಣ್ಣ ಅದರ ಬಗ್ಗೆ ಏನೂ ಹೇಳುವುದಿಲ್ಲ.

ಸಂಶಯ ಉಳಿದರೆ ನೀರಿನ ಪರೀಕ್ಷೆ ಮಾಡಿಸಿ. ಟ್ಯಾಂಕ್ ತುಂಬ ನೀರು ತುಂಬಿಸಿ, ಒಳಗೆ ಗಾಳಿಯೇ ಉಳಿಯದಂತೆ ನೋಡಿಕೊಂಡು, ಕೈ ಪಂಪಿನಿಂದ ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸುತ್ತಾರೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಹಾಗಾಗಿ ಟ್ಯಾಂಕ್ ಬಿರಿದರೂ ಒಂದಿಷ್ಟು ನೀರು ಚಿಮ್ಮಿ ನಿಲ್ಲುತ್ತದೆ. ಅದೇ ಟ್ಯಾಂಕ್ ಗಾಳಿ ತುಂಬಿರುವಾಗ ಬಿರಿದರೆ ಶೆಡ್ಡಿನ ಶೀಟ್ ಹಾರುತ್ತದೆ, ಪಕ್ಕದಲ್ಲಿರುವ ಜನ ಉಳಿಯುವುದಿಲ್ಲ. ಗಾಳಿಯಲ್ಲೇ "ಸ್ವಲ್ಪ ಜಾಸ್ತಿ ಏರಿಸಿ ನೋಡೋಣ" ಅನ್ನುವ ಪರೀಕ್ಷೆ ಬೇಡವೇ ಬೇಡ.

ಸೂಜಿ ತೂತಿಗೆ ಎಂ-ಸೀಲ್ ಮೆತ್ತುವುದು, ಮೇಲೊಂದು ಪಟ್ಟಿ ಇಟ್ಟು ವೆಲ್ಡ್ ಮಾಡುವುದು ನಮ್ಮೂರಲ್ಲಿ ಮಾಮೂಲಿ. ನಾನಂತೂ ಅಂಥ ಟ್ಯಾಂಕಿನ ಪಕ್ಕ ನಿಲ್ಲುವುದಿಲ್ಲ. ತೂತು ಒಂದು ಕಂಡಿದೆ ಅಂದರೆ ಸುತ್ತಲಿನ ತಗಡೂ ಕಾಗದದಷ್ಟಾಗಿದೆ ಅಂತಲೇ ಲೆಕ್ಕ. ಅಲ್ಲಿಗೆ ಟ್ಯಾಂಕಿನ ಕಥೆ ಮುಗಿಯಿತು. ಪಂಪ್ ಚೆನ್ನಾಗಿದ್ದರೆ ಅದನ್ನು ಇನ್ನೊಂದು ಟ್ಯಾಂಕಿಗೆ ಕೂರಿಸಬಹುದು.

ಸೇಫ್ಟಿ ವಾಲ್ವ್ ಕೂಡ ಈಗಲೇ ನೋಡಿ. ಗಾಳಿ ಸ್ವಲ್ಪ ತುಂಬಿಸಿ ಅದರ ರಿಂಗ್ ಎಳೆದರೆ ಗಾಳಿ ಬಿಡಬೇಕು, ಬಿಟ್ಟ ಕೂಡಲೇ ಮುಚ್ಚಿಕೊಳ್ಳಬೇಕು. ಅಂಟಿಕೊಂಡಿದ್ದರೆ ಹೊಸದು ಹಾಕಿ. ಸೋರುತ್ತದೆ ಅಂತ ಅದನ್ನು ತೆಗೆದು ಆ ಜಾಗಕ್ಕೆ ಬೋಲ್ಟ್ ತಿರುಗಿಸಿದ ಮೆಷಿನ್ ಕಂಡರೆ ಮೊದಲು ಪ್ಲಗ್ ಕೀಳಿ, ಮಾತು ಆಮೇಲೆ.

ಗಾಳಿ ಎಷ್ಟು ಬರುತ್ತಿದೆ, ಗನ್ ಎಷ್ಟು ಕೇಳುತ್ತಿದೆ

ಟ್ಯಾಂಕ್ ಪಾಸಾದ ಮೇಲೆ ಬೇಕಾಗಿರುವುದು ಒಂದು ಮೊಬೈಲ್. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಡ್ರೈನ್ ಮತ್ತು ಔಟ್‌ಲೆಟ್ ಮುಚ್ಚಿ, ಮೋಟಾರ್ ಹಾಕಿ, ಸೊನ್ನೆಯಿಂದ ಏಳು ಕೆಜಿಗೆ ಎಷ್ಟು ನಿಮಿಷ ಬೇಕು ನೋಡಿ. ಟ್ಯಾಂಕಿನ ಲೀಟರನ್ನು ಏಳರಿಂದ ಗುಣಿಸಿ, ನಿಮಿಷದಿಂದ ಭಾಗಿಸಿ. 160 ಲೀಟರ್ ಟ್ಯಾಂಕಿಗೆ 1,120 ಬರುತ್ತದೆ. ಆರು ನಿಮಿಷ ಹಿಡಿದರೆ ನಿಮಿಷಕ್ಕೆ ಸುಮಾರು 185 ಲೀಟರ್ ಗಾಳಿ. ಎರಡು ಎಚ್‌ಪಿ ಹಳೇ ಪಂಪಿಗೆ ಇದು ಒಳ್ಳೇ ಲೆಕ್ಕ. ಹತ್ತು ಹನ್ನೆರಡು ನಿಮಿಷ ಹಿಡಿದರೆ ಪಂಪಿನಲ್ಲೋ ಜಾಯಿಂಟ್‌ಗಳಲ್ಲೋ ದೋಷ ಇದೆ. ನಾಲ್ಕೋ ಐದೋ ಕೆಜಿಗೆ ಮುಳ್ಳು ನಿಂತೇ ಹೋದರೆ ಪಂಪಿನ ಹೆಡ್ಡಿನೊಳಗಿನ ವಾಲ್ವ್ ಮೇಲೆ ಮೊದಲ ಅನುಮಾನ.

ಕ್ಯಾಟಲಾಗ್ ಹಿಡಿದು ಹೋಲಿಸುವವರಿಗೆ ಒಂದು ಮಾತು. ನಮ್ಮೂರು ಸಮುದ್ರ ಮಟ್ಟದಿಂದ ಸುಮಾರು 1,090 ಮೀಟರ್ ಮೇಲಿದೆ, ಹಾಸನ ಅದಕ್ಕಿಂತ ಕೊಂಚ ತಗ್ಗು. ಇಷ್ಟು ಎತ್ತರದಲ್ಲಿ ಗಾಳಿಯೇ ತೆಳು, ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ. ಪಿಸ್ಟನ್ ಎಳೆಯುವ ಪ್ರಮಾಣ ಅಷ್ಟೇ ಇದ್ದರೂ ಒಳಗೆ ಬರುವ ಗಾಳಿಯ ತೂಕ ಕಡಿಮೆ. ಹಾಗಾಗಿ ಮಂಗಳೂರಿನಲ್ಲಿ ಐದು ನಿಮಿಷಕ್ಕೆ ತುಂಬುವ ಟ್ಯಾಂಕ್ ಇಲ್ಲಿ ಐದೂವರೆಗೆ ತುಂಬಿದರೆ ಮೆಷಿನ್ ತಪ್ಪಲ್ಲ.

ಈಗ ಗನ್ ಕಡೆ ನೋಡಿ. 1.4 ಮಿಮೀ ನಾಝಲ್ಲಿನ ಮಾಮೂಲಿ ಕಪ್ ಗನ್ ನಿಮಿಷಕ್ಕೆ 200ರಿಂದ 300 ಲೀಟರ್ ಕೇಳುತ್ತದೆ. ಎಚ್‌ವಿಎಲ್‌ಪಿ ಗನ್ ಆದರೆ 280ರಿಂದ 400. ಪೇಂಟ್ ಉಳಿಯುತ್ತದೆ, ಮಂಜು ಏಳುವುದು ಕಡಿಮೆ ಅಂತ ಯಾರೋ ಹೇಳಿದ್ದಕ್ಕೆ ಎಚ್‌ವಿಎಲ್‌ಪಿ ತಂದಿರುತ್ತಾರೆ. ಮಾತು ನಿಜವೇ. ಆದರೆ ಅದು ಕಡಿಮೆ ಒತ್ತಡದಲ್ಲಿ ಜಾಸ್ತಿ ಗಾಳಿ ತಿನ್ನುವ ಗನ್. ಟ್ಯಾಂಕ್ ಏಳು ಕೆಜಿಯಿಂದ ಐದಕ್ಕೆ ಇಳಿಯುವಾಗ ಸಿಗುವುದು 320 ಲೀಟರ್. ನಿಮಿಷಕ್ಕೆ 350 ಲೀಟರ್ ತಿನ್ನುವ ಗನ್ ಅದನ್ನು ಒಂದು ನಿಮಿಷದೊಳಗೆ ಮುಗಿಸುತ್ತದೆ. ಐದಕ್ಕೆ ಪಂಪ್ ಸ್ಟಾರ್ಟ್ ಆದರೂ ಅದು ಕೊಡುವುದು 185. ಇನ್ನೆರಡು ನಿಮಿಷದಲ್ಲಿ ಮುಳ್ಳು ಮೂರಕ್ಕೆ ಬಂದು ಕೂರುತ್ತದೆ. ಮೆಷಿನ್ ಸರಿಯಾಗೇ ಇದೆ, ಜೋಡಿ ಸರಿಯಿಲ್ಲ. ಟ್ಯಾಂಕ್ ದೊಡ್ಡದು ಮಾಡಿದರೆ ಕಾಯುವ ಹೊತ್ತು ಮುಂದಕ್ಕೆ ಹೋಗುತ್ತದೆ, ಗಾಳಿ ಹುಟ್ಟುವುದಿಲ್ಲ.

ಕೆಲವರು ಇದಕ್ಕೆ ಮೋಟಾರ್ ಪುಲ್ಲಿ ದೊಡ್ಡದು ಹಾಕಿಸಿ ಪಂಪನ್ನು ಜೋರಾಗಿ ಓಡಿಸುತ್ತಾರೆ. ಮೊದಲೊಂದಿಷ್ಟು ದಿನ ಗಾಳಿ ಜಾಸ್ತಿ ಬರುವುದು ನಿಜ. ಆಮೇಲೆ ಹೆಡ್ ಕಾದು ವಾಲ್ವ್ ಪಟ್ಟಿ ಮುರಿಯುತ್ತದೆ. ಪಂಪಿನ ಪ್ಲೇಟಿನಲ್ಲಿ ಬರೆದಿರುವ ಆರ್‌ಪಿಎಂ ದಾಟಬೇಡಿ.

ಸೋರಿಕೆ

ಗಾಳಿ ತುಂಬಿಸಿ ಮೋಟಾರ್ ಬಂದ್ ಮಾಡಿ, ಕಾಲು ಗಂಟೆ ಬಿಡಿ. ಬಿಸಿ ಗಾಳಿ ತಣ್ಣಗಾಗುವಾಗ ಮುಳ್ಳು ಸ್ವಲ್ಪ ಇಳಿಯುವುದು ಸಹಜ, ಅದನ್ನು ಸೋರಿಕೆ ಅಂತ ಎಣಿಸಬೇಡಿ. ಅಲ್ಲಿಂದ ಮುಂದೆ ಅರ್ಧ ಗಂಟೆಯಲ್ಲಿ ಕಣ್ಣಿಗೆ ಕಾಣುವಷ್ಟು ಇಳಿದರೆ ಸೋಪಿನ ನೊರೆ ಹಿಡಿದು ಹುಡುಕಿ. ಗೇಜ್ ಬುಡ, ಪ್ರೆಶರ್ ಸ್ವಿಚ್ ಕೆಳಗೆ, ಔಟ್‌ಲೆಟ್ ಕಾಕ್, ಹೋಸ್ ಕ್ಲಿಪ್, ಕ್ವಿಕ್ ಕಪ್ಲಿಂಗ್. ಸಾಮಾನ್ಯವಾಗಿ ಕಪ್ಲಿಂಗ್ ಒಳಗಿನ ರಬ್ಬರ್ ರಿಂಗ್ ಅಥವಾ ಟೆಫ್ಲಾನ್ ಟೇಪಿನಲ್ಲಿ ಕೆಲಸ ಮುಗಿಯುತ್ತದೆ. ಮಳೆಗಾಲ ಪೂರ್ತಿ ಸುಮ್ಮನಿದ್ದ ಮೆಷಿನ್ ಆಗಿದ್ದರೆ ಏರ್ ಫಿಲ್ಟರ್ ಬಾಯಿಯಲ್ಲಿ, ಬ್ರೀದರ್ (ಪಂಪಿನ ಎಣ್ಣೆ ಕೋಣೆ ಉಸಿರಾಡುವ) ತೂತಿನಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿದೆಯಾ ನೋಡಿ. ನಗಬೇಡಿ, ತೋಟದ ಶೆಡ್ಡುಗಳಲ್ಲಿ ಇದು ಅಪರೂಪವೇನಲ್ಲ.

ಏರ್ ಫಿಲ್ಟರ್ ತೆಗೆದು ಓಡಿಸಿದಾಗ ಟ್ಯಾಂಕ್ ಬೇಗ ತುಂಬಿದರೆ ಫಿಲ್ಟರ್ ಬದಲಾಯಿಸಿ, ಕೆಲಸ ಅಲ್ಲಿಗೇ ಮುಗಿಯಿತು. ಪೇಂಟ್ ಹೊಡೆಯುವ ಜಾಗದಲ್ಲೇ ಕಂಪ್ರೆಸರ್ ಇಟ್ಟರೆ ಪೇಂಟ್ ಮಂಜು ಫಿಲ್ಟರಿಗೆ ಅಂಟಿ ಹಲಗೆಯಂತಾಗುತ್ತದೆ. ಪ್ರೆಶರ್ ಸ್ವಿಚ್ ಕಿಡಿಗೆ ಥಿನ್ನರ್ ಆವಿ ಹತ್ತಿಕೊಳ್ಳುವ ಅಪಾಯ ಬೇರೆ. ಗೋಡೆಯ ಆಚೆ ಇಟ್ಟು ಪೈಪ್ ಎಳೆಯುವುದು ಒಳ್ಳೆಯದು.

ವಾಲ್ವ್ ಪ್ಲೇಟ್

ಸೋರಿಕೆ ಇಲ್ಲ, ಫಿಲ್ಟರ್ ಚೊಕ್ಕವಾಗಿದೆ, ಆದರೂ ಗಾಳಿ ಕಟ್ಟುತ್ತಿಲ್ಲ ಅಂದರೆ ದೋಷ ಹೆಡ್ಡಿನಲ್ಲಿ. ಹೆಡ್ ಬಿಚ್ಚುವ ಮುಂಚೆ ಕೈಯಿಂದ ಕೇಳಿ ನೋಡಿ. ಫಿಲ್ಟರ್ ತೆಗೆದು ಪಂಪ್ ಓಡುವಾಗ ಗಾಳಿ ಎಳೆಯುವ ಬಾಯಿಗೆ ಅಂಗೈ ಅಡ್ಡ ಹಿಡಿಯಿರಿ. ಅಂಗೈಯನ್ನು ಒಳಕ್ಕೆ ಎಳೆಯಬೇಕು. ನಡುನಡುವೆ ಗಾಳಿ ವಾಪಸ್ ಉಗುಳಿದರೆ ಸಕ್ಷನ್ ವಾಲ್ವ್ ಕೂರುತ್ತಿಲ್ಲ. ಉಗುಳುವುದಿಲ್ಲ, ಆದರೆ ಎಳೆತ ಸೋತಂತಿದೆ, ಹೆಡ್ ಮಾಮೂಲಿಗಿಂತ ಜಾಸ್ತಿ ಕಾಯುತ್ತಿದೆ ಅಂದರೆ ದೋಷ ಒತ್ತಿದ ಗಾಳಿಯನ್ನು ಹೊರಗೆ ಬಿಡುವ ಡೆಲಿವರಿ ವಾಲ್ವಿನದು. ಒತ್ತಿದ ಗಾಳಿಯೇ ಸಿಲಿಂಡರಿಗೆ ವಾಪಸ್ ಬರುತ್ತಿದ್ದರೆ ಹೊಸ ಗಾಳಿಗೆ ಜಾಗ ಎಲ್ಲಿ? ಎರಡು ಸಿಲಿಂಡರ್ ಪಂಪಿನಲ್ಲಿ ಎರಡೂ ಹೆಡ್ಡಿಗೆ ಒಂದೊಂದು ಹನಿ ನೀರು ಚಿಮುಕಿಸಿ. ಒಂದರಲ್ಲಿ ಚುರ್ ಅಂದು ಇನ್ನೊಂದರಲ್ಲಿ ಸುಮ್ಮನಿದ್ದರೆ ಸುಮ್ಮನಿದ್ದದ್ದು ಕೆಲಸ ಮಾಡುತ್ತಿಲ್ಲ. ಡೆಲಿವರಿ ಪೈಪನ್ನಂತೂ ಕೈಯಲ್ಲಿ ಮುಟ್ಟಬೇಡಿ, ಚರ್ಮ ಅಂಟಿಕೊಳ್ಳುತ್ತದೆ.

ಬ್ರೀದರಿನಿಂದ ಪುಸ್ ಪುಸ್ ಅಂತ ಹೊಗೆ ಬೆರೆತ ಗಾಳಿ ಬಂದು, ಎಣ್ಣೆಯೂ ಬೇಗ ಖಾಲಿಯಾಗುತ್ತಿದ್ದರೆ ಮಾತ್ರ ಪಿಸ್ಟನ್ ರಿಂಗ್ ಬಗ್ಗೆ ಯೋಚಿಸಿ. ಈ ಎರಡೂ ಇಲ್ಲದೆ "ರಿಂಗ್ ಹೋಗಿದೆ" ಅಂದವರ ಮಾತು ನಂಬಬೇಡಿ.

ಈಗ ಹೆಡ್ ಬಿಚ್ಚಿ. ಬೋಲ್ಟ್‌ಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಹೆಡ್, ವಾಲ್ವ್ ಪ್ಲೇಟ್, ಗ್ಯಾಸ್ಕೆಟ್ ಯಾವ ಕ್ರಮದಲ್ಲಿ, ಯಾವ ಕಡೆ ಮುಖ ಮಾಡಿ ಕೂತಿದ್ದವು ಅಂತ ಫೋಟೋ ತೆಗೆದುಕೊಳ್ಳಿ. ಪ್ಲೇಟ್ ಎತ್ತಿದಾಗ ಡೆಲಿವರಿ ಕಡೆ ಕಪ್ಪಗೆ ಗಟ್ಟಿ ಕಾರ್ಬನ್ ಕಟ್ಟಿರುವುದು ಕಾಣುತ್ತದೆ. ವಾಲ್ವ್ ಅಂದರೆ ಬ್ಲೇಡಿನಷ್ಟು ತೆಳುವಾದ ಸ್ಪ್ರಿಂಗ್ ಉಕ್ಕಿನ ಪಟ್ಟಿ. ಅದರಡಿ ಅಕ್ಕಿ ನುಚ್ಚಿನಷ್ಟು ಕಾರ್ಬನ್ ಚೂರು ಸಿಕ್ಕಿಕೊಂಡರೂ ಸಾಕು, ಪ್ರತಿ ಸುತ್ತಿಗೂ ಗಾಳಿ ವಾಪಸ್ ಜಾರುತ್ತದೆ. ಆ ಚೂರನ್ನು ಉಗುರಿನಿಂದ ಕಿತ್ತು ಹಾಕಿ, ಪ್ಲೇಟ್ ತೊಳೆದು ಕೂರಿಸಿದ್ದಕ್ಕೇ ಗಾಳಿ ಮೊದಲಿನಂತೆ ಕಟ್ಟಿದ್ದನ್ನು ನಾನು ನೋಡಿದ್ದೇನೆ. ಅದೇ ಮೆಷಿನ್ ಗುಜರಿಗೆ ಹೋಗಲು ಸಿದ್ಧವಾಗಿ ಬಾಗಿಲಲ್ಲಿ ನಿಂತಿತ್ತು.

ಪ್ಲೇಟನ್ನು ಒಂದು ರಾತ್ರಿ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ನೆನೆಸಿಡಿ. ಹಿತ್ತಾಳೆ ಬ್ರಷ್ ಅಥವಾ ಮರದ ಚಕ್ಕೆಯಿಂದ ಕೆರೆಯಿರಿ. ಸ್ಕ್ರೂಡ್ರೈವರ್ ಹಾಕಿ ಕೆರೆದರೆ ವಾಲ್ವ್ ಕೂರುವ ಜಾಗದಲ್ಲಿ ಗೀರು ಬೀಳುತ್ತದೆ, ಆಮೇಲೆ ಯಾವ ಪಟ್ಟಿ ಹಾಕಿದರೂ ಸೋರುತ್ತದೆ. ಪಟ್ಟಿ ಬಾಗಿದ್ದರೆ, ಅಂಚು ಒಡೆದಿದ್ದರೆ ಹೊಸದು ಹಾಕಿ. ತಿರುಗಿಸಿ ಹಾಕಿದರೆ ಆಗುತ್ತದೆ ಅನ್ನುವವರಿದ್ದಾರೆ, ಆಗುವುದಿಲ್ಲ. ತೊಳೆದಾದ ಮೇಲೆ ಪ್ಲೇಟನ್ನು ಮಟ್ಟವಾಗಿಟ್ಟು ವಾಲ್ವ್ ಮೇಲೆ ಸ್ವಲ್ಪ ಸೀಮೆಎಣ್ಣೆ ನಿಲ್ಲಿಸಿ. ಕೆಲವು ನಿಮಿಷ ನಿಂತರೆ ಸೀಟ್ ಸರಿಯಿದೆ. ಸರಸರ ಇಳಿದರೆ ದಪ್ಪ ಗಾಜಿನ ಮೇಲೆ ಸಣ್ಣ ಎಮರಿ ಪೇಪರ್ ಇಟ್ಟು, ಎಣ್ಣೆ ಹಾಕಿ, ಪ್ಲೇಟನ್ನು ಇಂಗ್ಲಿಷ್ ಎಂಟರ ಆಕಾರದಲ್ಲಿ ಸಮನಾಗಿ ಉಜ್ಜಬೇಕು.

ಗ್ಯಾಸ್ಕೆಟ್ ವಿಷಯದಲ್ಲಿ ಉಳಿತಾಯ ಬೇಡ. ಒರಿಜಿನಲ್ ದಪ್ಪದ್ದೇ ಬೇಕು. ದಪ್ಪ ಜಾಸ್ತಿಯಾದರೆ ಪಿಸ್ಟನ್ ಮೇಲೆ ಜಾಗ ಉಳಿದು ಗಾಳಿ ಪೂರ್ತಿ ಹೊರಬೀಳುವುದಿಲ್ಲ, ಮೆಷಿನ್ ಮತ್ತೆ ಸೋಮಾರಿಯಾಗುತ್ತದೆ. ತೆಳುವಾದರೆ ಪಿಸ್ಟನ್ ಬಂದು ಪ್ಲೇಟಿಗೆ ಬಡಿಯುತ್ತದೆ. ಹಳೇ ಗ್ಯಾಸ್ಕೆಟ್ ತೆಗೆದಾಗ ಸಕ್ಷನ್ ಕೋಣೆಗೂ ಡೆಲಿವರಿ ಕೋಣೆಗೂ ನಡುವಿನ ಗೆರೆಯಲ್ಲಿ ಸುಟ್ಟ ಗುರುತಿದ್ದರೆ ಗಾಳಿ ಅಲ್ಲೇ ಅಡ್ಡದಾರಿ ಹಿಡಿದಿತ್ತು ಅಂತ ತಿಳಿಯಿರಿ. ಹೊರಗಿನಿಂದ ಎಷ್ಟು ನೊರೆ ಹಚ್ಚಿದರೂ ಈ ಸೋರಿಕೆ ಕಾಣುವುದಿಲ್ಲ.

ಕಾರ್ಬನ್ ಯಾಕೆ ಕಟ್ಟಿತು ಅಂತಲೂ ನೋಡಬೇಕು, ಇಲ್ಲದಿದ್ದರೆ ಮತ್ತೆ ಇದೇ ಕೆಲಸ. ಬೈಕಿಗೆ ತಂದ 20ಡಬ್ಲ್ಯೂ40 ಎಣ್ಣೆ ಉಳಿದಿತ್ತು, ಅದನ್ನೇ ಹಾಕಿದೆವು ಅನ್ನುವುದು ಮಾಮೂಲಿ ಉತ್ತರ. ಪಿಸ್ಟನ್ ಕಂಪ್ರೆಸರಿಗೆ ಅದರದೇ ಎಣ್ಣೆ ಸಿಗುತ್ತದೆ, ಸಾಮಾನ್ಯವಾಗಿ ವಿಜಿ 100 ದರ್ಜೆಯದು (ವಿಜಿ ಅಂದರೆ ಎಣ್ಣೆಯ ಮಂದದ ಅಳತೆ). ಎಣ್ಣೆ ಗಾಜಿನಲ್ಲಿ ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ. ಮಳೆಗಾಲದಲ್ಲಿ ಐದೈದು ನಿಮಿಷ ಓಡಿಸಿ ನಿಲ್ಲಿಸುವ ಮೆಷಿನ್‌ಗಳಲ್ಲಿ ಇದು ಜಾಸ್ತಿ. ಪಂಪ್ ಸರಿಯಾಗಿ ಬಿಸಿಯಾಗದಿದ್ದರೆ ಒಳಗಿನ ತೇವ ಆವಿಯಾಗಿ ಹೋಗುವುದೇ ಇಲ್ಲ. ಅಂಥ ಎಣ್ಣೆ ಪೂರ್ತಿ ಬದಲಾಯಿಸಿ.

ಟಕ್ ಟಕ್ ಸದ್ದು ಬಂದರೆ ಎಲ್ಲರೂ ಕನೆಕ್ಟಿಂಗ್ ರಾಡ್ ಬೇರಿಂಗ್ ಅನ್ನುತ್ತಾರೆ. ಮೊದಲು ಫ್ಲೈವೀಲ್ ಹಿಡಿದು ಅಲ್ಲಾಡಿಸಿ. ಅದನ್ನು ಶಾಫ್ಟಿಗೆ ಹಿಡಿದಿಡುವ ಕೀ ಸವೆದು ಸಡಿಲವಾಗಿದ್ದರೂ ಇದೇ ಸದ್ದು.

ಮೋಟಾರ್ ಗುಂಯ್ ಅಂದು ತಿರುಗದಿದ್ದರೆ

ಟ್ಯಾಂಕ್ ಖಾಲಿ ಮಾಡಿ ಮತ್ತೆ ಹಾಕಿ. ಖಾಲಿ ಇದ್ದಾಗ ಸಲೀಸಾಗಿ ಸ್ಟಾರ್ಟ್ ಆಗಿ, ಗಾಳಿ ಇದ್ದಾಗ ಮಾತ್ರ ಒದ್ದಾಡಿದರೆ ಮೋಟಾರನ್ನು ವೈಂಡಿಂಗ್ ಅಂಗಡಿಗೆ ಹೊರಬೇಡಿ. ಮೆಷಿನ್ ಕಟಾಫ್ ಆದಾಗ ಪ್ರೆಶರ್ ಸ್ವಿಚ್ ಹತ್ತಿರ ಪುಸ್ ಅಂತ ಒಂದೆರಡು ಸೆಕೆಂಡ್ ಗಾಳಿ ಬಿಡುವ ಸದ್ದು ಬರಬೇಕು. ಹೆಡ್ಡಿನಲ್ಲಿ ಉಳಿದ ಒತ್ತಡ ಹೀಗೆ ಹೊರಗೆ ಹೋದರೆ ಮುಂದಿನ ಸಲ ಪಿಸ್ಟನ್ ಹಗುರಾಗಿ ಏಳುತ್ತದೆ. ಆ ಸದ್ದೇ ಬರದಿದ್ದರೆ ಗಾಳಿ ಬಿಡುವ ಸಣ್ಣ ವಾಲ್ವ್, ಅಂದರೆ ಅನ್‌ಲೋಡರ್, ಕಟ್ಟಿಕೊಂಡಿದೆ. ಸದ್ದು ನಿಲ್ಲದೆ ಬರುತ್ತಲೇ ಇದ್ದರೆ ಎನ್‌ಆರ್‌ವಿ (ಟ್ಯಾಂಕಿನ ಗಾಳಿ ಹಿಂದಕ್ಕೆ ಹೋಗದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್) ಹೋಗಿದೆ, ಟ್ಯಾಂಕಿನ ಗಾಳಿ ಅದರ ಮೂಲಕ ವಾಪಸ್ ಬರುತ್ತಿದೆ. ಎನ್‌ಆರ್‌ವಿ ಬಿಚ್ಚಿ ಒಳಗಿನ ರಬ್ಬರ್ ಬಿಲ್ಲೆ ಚೊಕ್ಕ ಮಾಡಿ, ಗಟ್ಟಿಯಾಗಿದ್ದರೆ ಬದಲಾಯಿಸಿ.

ಖಾಲಿ ಟ್ಯಾಂಕಿನಲ್ಲೂ ಗುಂಯ್ ಅಂದರೆ ಬೆಲ್ಟ್ ತೆಗೆದು ಮೋಟಾರ್ ಒಂದನ್ನೇ ಹಾಕಿ. ಆಗಲೂ ತಿರುಗದಿದ್ದರೆ ಕೆಪಾಸಿಟರ್ ಮೇಲೆ ಮೊದಲ ಅನುಮಾನ. ಉಬ್ಬಿರುವುದು, ಎಣ್ಣೆ ಕಾರಿರುವುದು ಕಣ್ಣಿಗೇ ಕಾಣುತ್ತದೆ. ಮುಟ್ಟುವ ಮುಂಚೆ ಅದರೊಳಗೆ ಉಳಿದ ಕರೆಂಟ್ ತೆಗೆಯಬೇಕು, ಗೊತ್ತಿಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಗೆ ಕೊಡಿ.

ಹಳ್ಳಿ ಕಡೆ ಶೆಡ್ಡುಗಳಲ್ಲಿ ಮೋಟಾರಿನ ತಪ್ಪೇ ಇರುವುದಿಲ್ಲ, ವೋಲ್ಟೇಜ್ ಸಾಲುವುದಿಲ್ಲ. ಸಿಂಗಲ್ ಫೇಸ್ 230 ವೋಲ್ಟ್ ಇರಬೇಕಾದ ಕಡೆ 180 ಬಂದರೆ ಮೋಟಾರಿನ ತಿರುಗಿಸುವ ಬಲ ಸುಮಾರು 60 ಶೇಕಡಕ್ಕೆ ಇಳಿಯುತ್ತದೆ. ಮೀಟರ್ ಬೋರ್ಡಿನಲ್ಲಿ ಅಳೆದರೆ ಪ್ರಯೋಜನವಿಲ್ಲ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟಾರಿನ ಟರ್ಮಿನಲ್ಲಿನಲ್ಲೇ ಅಳೆಯಬೇಕು. ಉದ್ದದ ತೆಳು ಎಕ್ಸ್‌ಟೆನ್ಷನ್ ವೈರ್ ಎಳೆದಿದ್ದರೆ ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ. ಕಂಪ್ರೆಸರನ್ನು ಬೋರ್ಡ್ ಹತ್ತಿರವೇ ಇಟ್ಟು ಗಾಳಿಯ ಹೋಸ್ ಉದ್ದ ಮಾಡಿಕೊಳ್ಳಿ, 2.5 ಚದರ ಮಿಮೀ ತಾಮ್ರದ ವೈರ್ ಹಾಕಿ. ತ್ರೀ ಫೇಸ್ ಮೋಟಾರ್ ಗುಂಯ್ ಅಂದರೆ ಒಂದು ಫೇಸ್ ಹೋಗಿರುತ್ತದೆ, ತಕ್ಷಣ ಆಫ್ ಮಾಡಿ. ಉಲ್ಟಾ ತಿರುಗಿದರೆ ಎರಡು ವೈರ್ ಅದಲು ಬದಲು ಮಾಡಿ. ಪಂಪಿನ ಫ್ಲೈವೀಲೇ ಫ್ಯಾನ್ ಕೂಡ. ಅದು ಉಲ್ಟಾ ತಿರುಗಿದರೂ ಗಾಳಿ ಕಟ್ಟುತ್ತದೆ, ಆದರೆ ಹೆಡ್ಡಿಗೆ ತಂಪು ಸಿಗುವುದಿಲ್ಲ.

ಬೆಲ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನಡುವೆ ಒತ್ತಿದರೆ ಬೆರಳ ದಪ್ಪದಷ್ಟು ಬಗ್ಗಬೇಕು, ಪುಲ್ಲಿಗಳು ಒಂದೇ ಗೆರೆಯಲ್ಲಿರಬೇಕು.

ನೀರು, ಎಣ್ಣೆ

ಗಾಳಿ ಬೇಕಾದಷ್ಟು ಬರುತ್ತಿದ್ದು ಪೇಂಟ್ ಮಾತ್ರ ಹಾಳಾಗುತ್ತಿದ್ದರೆ ದೋಷ ಬೇರೆ ಕಡೆ. ಮಲೆನಾಡಿನ ಮಳೆಗಾಲದಲ್ಲಿ 22 ಡಿಗ್ರಿ ಸೆಖೆಯಲ್ಲಿ ಒಂದು ಘನ ಮೀಟರ್ ಗಾಳಿಯೊಳಗೆ ಸುಮಾರು 18 ಗ್ರಾಂ ನೀರು ಆವಿಯಾಗಿ ಇರುತ್ತದೆ. ಆ ಗಾಳಿಯನ್ನು ಏಳು ಕೆಜಿಗೆ ಒತ್ತಿದರೆ ಅದು ಎಂಟರಲ್ಲಿ ಒಂದು ಪಾಲಿಗೆ ಕುಗ್ಗುತ್ತದೆ, ನೀರು ಹಿಡಿದಿಟ್ಟುಕೊಳ್ಳುವ ಜಾಗವೂ ಅಷ್ಟೇ ಕುಗ್ಗುತ್ತದೆ. ತಣ್ಣಗಾದ ಮೇಲೆ 15 ಗ್ರಾಂನಷ್ಟು ಹೊರಗೆ ಬೀಳಲೇಬೇಕು. ನಮ್ಮ ಎರಡು ಎಚ್‌ಪಿ ಪಂಪ್ ಒಂದು ಗಂಟೆ ಬಿಡದೆ ಓಡಿದರೆ 150 ಮಿಲಿಗಿಂತ ಜಾಸ್ತಿ ನೀರು. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಡ್ರೈನ್ ತೆಗೆಯುವ ಅಭ್ಯಾಸ ಮಳೆಗಾಲಕ್ಕೆ ಸಾಲದು, ಕೆಲಸದ ದಿನ ಎರಡು ಸಲ ತೆಗೆಯಬೇಕು.

ಇದರಲ್ಲಿ ಒಂದು ತೊಡಕಿದೆ. ಗಾಳಿ ಬಿಸಿ ಇರುವಾಗ ನೀರು ಇನ್ನೂ ಆವಿಯಾಗಿಯೇ ಇರುತ್ತದೆ. ಕಂಪ್ರೆಸರಿಗೆ ಅಂಟಿಕೊಂಡೇ ನೀರು ಹಿಡಿಯುವ ಫಿಲ್ಟರ್ ಹಾಕಿದರೆ ಅದು ಆವಿಯನ್ನು ಹಿಡಿಯಲಾರದು. ಗಾಳಿ ಫಿಲ್ಟರ್ ದಾಟಿ, ಹೋಸಿನಲ್ಲಿ ತಣ್ಣಗಾಗಿ, ನೀರು ನೇರ ಗನ್ನಿಗೆ ಬರುತ್ತದೆ. "ಫಿಲ್ಟರ್ ಹಾಕಿದೀನಣ್ಣ, ಆದ್ರೂ ನೀರು ಬರ್ತಿದೆ" ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಟ್ಯಾಂಕಿನಿಂದ ಎಂಟು ಹತ್ತು ಮೀಟರ್ ಜಿಐ ಪೈಪ್ ಎಳೆದು, ಸ್ವಲ್ಪ ಇಳಿಜಾರು ಕೊಟ್ಟು, ತುದಿಯಲ್ಲಿ ನೀರು ಬಿಡುವ ಕಾಕ್ ಇಡಿ. ಗನ್ನಿನ ಕವಲನ್ನು ಪೈಪಿನ ಮೇಲ್ಭಾಗದಿಂದ ತೆಗೆಯಿರಿ. ಫಿಲ್ಟರ್, ರೆಗ್ಯುಲೇಟರ್ ಅಲ್ಲಿಗೆ ಹಾಕಿ. ಅಂಗಡಿಯವರು ಕೊಡುವ ಎಫ್‌ಆರ್‌ಎಲ್ (ಫಿಲ್ಟರ್, ರೆಗ್ಯುಲೇಟರ್, ಲೂಬ್ರಿಕೇಟರ್) ಸೆಟ್ಟಿನಲ್ಲಿ ಎಣ್ಣೆ ಹಾಕುವ ಬಟ್ಟಲೂ ಇರುತ್ತದೆ. ಅದು ಗಾಳಿಯಲ್ಲಿ ಓಡುವ ಟೂಲ್‌ಗಳಿಗೆ. ಪೇಂಟ್ ಲೈನಿನಲ್ಲಿ ಅದಿದ್ದರೆ ಪೇಂಟಿಗೆ ನೀವೇ ಎಣ್ಣೆ ಸಿಂಪಡಿಸಿದಂತೆ, ತೆಗೆದುಹಾಕಿ.

ನೀರೋ ಎಣ್ಣೆಯೋ ಅಂತ ತಿಳಿಯಲು ಗನ್ ತೆಗೆದು ಹೋಸಿನ ಬಾಯಿಂದ ಬಿಳಿ ಹಾಳೆಯ ಮೇಲೆ ಒಂದು ನಿಮಿಷ ಗಾಳಿ ಬಿಡಿ. ಹಾಳೆ ಒದ್ದೆಯಾಗಿ, ಒಣಗಿದ ಮೇಲೆ ಗುರುತು ಮಾಯವಾದರೆ ನೀರು. ಒಣಗಿದರೂ ಬೆಳಕಿಗೆ ಹಿಡಿದಾಗ ಪಾರದರ್ಶಕ ಕಲೆ ಉಳಿದರೆ ಎಣ್ಣೆ. ಎಣ್ಣೆ ಬರುವುದಕ್ಕೆ ರಿಂಗ್ ಒಂದೇ ಕಾರಣವಲ್ಲ. ಎಣ್ಣೆ ಮಟ್ಟ ಗಾಜಿನ ಗುರುತಿಗಿಂತ ಮೇಲಿದ್ದರೂ, ಬ್ರೀದರ್ ಕಟ್ಟಿದ್ದರೂ, ಏರ್ ಫಿಲ್ಟರ್ ಕಟ್ಟಿ ಪಿಸ್ಟನ್ ಕೆಳಗಿನಿಂದ ಎಣ್ಣೆ ಎಳೆದುಕೊಳ್ಳುತ್ತಿದ್ದರೂ ಹೀಗೇ ಆಗುತ್ತದೆ. ಈ ಮೂರನ್ನೂ ನೋಡಲು ದುಡ್ಡು ಬೇಕಿಲ್ಲ.

ಪೇಂಟ್ ಮೇಲೂ ಗುರುತು ಓದಬಹುದು. ಪುಟ್ಟ ದುಂಡು ಕುಳಿಗಳು ಬಿದ್ದು ಒಳಗೆ ಪ್ರೈಮರ್ ಕಂಡರೆ ಎಣ್ಣೆ ಅಥವಾ ಸಿಲಿಕಾನ್ ಪಾಲಿಶ್. ಪಿಯು (ಪಾಲಿಯುರೆಥೇನ್, ಹಾರ್ಡ್‌ನರ್ ಬೆರೆಸಿ ಹೊಡೆಯುವ) ಪೇಂಟಿನಲ್ಲಿ ಸೂಜಿಮೊನೆಯಂಥ ಗುಳ್ಳೆ ಎದ್ದರೆ ನೀರು, ಅದರ ಹಾರ್ಡ್‌ನರ್ ನೀರಿನ ಜೊತೆ ಸೇರಿದರೆ ಗ್ಯಾಸ್ ಬಿಡುತ್ತದೆ. ಅದೇ ಹಾರ್ಡ್‌ನರ್ ಶ್ವಾಸಕೋಶಕ್ಕೂ ಕೆಟ್ಟದ್ದು, ಕರ್ಚೀಫ್ ಕಟ್ಟಿಕೊಂಡು ಪಿಯು ಹೊಡೆಯಬೇಡಿ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಪೇಂಟ್ ಅಥವಾ ಮರದ ಲ್ಯಾಕರ್ ಇಡೀ ಮೈ ಬೆಳ್ಳಗೆ ಮಂಜು ಹಿಡಿದಂತಾದರೆ ಕಂಪ್ರೆಸರನ್ನು ಬೈಯಬೇಡಿ. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ ಹೊರಗಿನ ತೇವವೇ ಬಂದು ಕೂರುತ್ತದೆ. ನಿಧಾನವಾಗಿ ಆರುವ ಥಿನ್ನರ್ ಬೆರೆಸಿ, ಇಲ್ಲವೇ ಬಿಸಿಲು ಬರುವವರೆಗೆ ಟೀ ಕುಡಿಯಿರಿ.

ಗನ್ನಿನ ತಪ್ಪು ಕಂಪ್ರೆಸರ್ ತಲೆಗೆ

ರೆಗ್ಯುಲೇಟರ್ 45 ಪಿಎಸ್ಐ (ಸುಮಾರು ಮೂರು ಕೆಜಿ) ತೋರಿಸುತ್ತಿದೆ, ಆದರೂ ಫ್ಯಾನ್ ಸೋತಿದೆ. ಟ್ರಿಗರ್ ಒತ್ತಿ ಹಿಡಿದು ಗನ್ನಿನ ಬುಡದಲ್ಲಿ ಒತ್ತಡ ಅಳೆಯಿರಿ. ತೆಳು ಹೋಸ್ ಉದ್ದವಿದ್ದರೆ ಅಲ್ಲಿ 30 ಕೂಡ ಇರುವುದಿಲ್ಲ. ಒಳಗಿನ ಅಳತೆ 8 ಮಿಮೀಗಿಂತ ಕಡಿಮೆ ಇರುವ ಹೋಸ್ ಬೇಡ. ಫ್ಯಾನ್ ಒಂದು ಕಡೆ ವಾಲಿದರೆ ಏರ್ ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿ ಹೊಡೆಯಿರಿ. ವಾಲಿಕೆಯೂ ತಿರುಗಿದರೆ ಕ್ಯಾಪಿನ ತೂತು ಕಟ್ಟಿದೆ, ತಿರುಗದಿದ್ದರೆ ನಾಝಲ್ ಮೂತಿಯಲ್ಲಿ ಕೊಳೆ. ಗನ್ ತಡೆತಡೆದು ಉಗುಳಿದರೆ ಕಪ್ಪಿನ ಮುಚ್ಚಳದ ಗಾಳಿ ತೂತು ನೋಡಿ, ನಾಝಲ್ ಬಿಗಿ ಮಾಡಿ, ಸೂಜಿಯ ಪ್ಯಾಕಿಂಗಿಗೆ ಒಂದು ಹನಿ ಎಣ್ಣೆ ಬಿಡಿ.

ರಿಪೇರಿಯೋ, ಹೊಸದೋ

ಟ್ಯಾಂಕ್ ಗಟ್ಟಿ ಇದ್ದು ಹೆಸರು ಗೊತ್ತಿರುವ ಕಂಪನಿಯ ಪಂಪ್ ಆಗಿದ್ದರೆ, ಎಲ್ಗಿಯಂಥದ್ದು ಅನ್ನಿ, ರಿಪೇರಿ ಮಾಡಿಸಿ. ವಾಲ್ವ್ ಸೆಟ್, ಗ್ಯಾಸ್ಕೆಟ್, ರಿಂಗ್ ಇಲ್ಲಿ ಸಿಗದಿದ್ದರೂ ಬೆಂಗಳೂರಿನಿಂದಲೋ ಕೊಯಮತ್ತೂರಿನಿಂದಲೋ ಪಾರ್ಸೆಲ್ ಬರುತ್ತವೆ. ಪಂಪಿನ ಮಾಡೆಲ್ ಪ್ಲೇಟಿನ ಫೋಟೋ ಕಳಿಸಿ, ಬಾಯಿಮಾತಿನಲ್ಲಿ "ಎರಡು ಎಚ್‌ಪಿದು" ಅಂದರೆ ಬೇರೆಯದೇ ಬರುತ್ತದೆ. ಸಿಲಿಂಡರ್ ಒಳಗೆ ಉಗುರು ಆಡಿಸಿದಾಗ ಮೆಟ್ಟಿಲು ಸಿಕ್ಕಿದರೆ ಬರೀ ರಿಂಗ್ ಹಾಕುವುದು ದಂಡ. ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಅಥವಾ ಪಂಪ್ ಒಂದನ್ನೇ ಹೊಸದು ತಂದು ಹಳೇ ಟ್ಯಾಂಕ್ ಮೇಲೆ ಕೂರಿಸಬೇಕು. ಪ್ಲೇಟೂ ಇಲ್ಲ, ಹೆಸರೂ ಇಲ್ಲ ಅನ್ನುವ ಪಂಪಿಗೂ ಇದೇ ದಾರಿ. ಎಲ್ಲ ಸೇರಿ ಖರ್ಚು ಹೊಸ ಸೆಟ್ಟಿನ ಅರ್ಧ ದಾಟಿದರೆ ನಾನು ಹೊಸದರ ಕಡೆ ವಾಲುತ್ತೇನೆ.

ಹೊಸದು ಕೊಳ್ಳುವಾಗ ಎಚ್‌ಪಿ ಕೇಳಬೇಡಿ, ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಹೊರಗೆ ಕೊಡುತ್ತದೆ ಅಂತ ಕೇಳಿ. ಅಂಗಡಿಯವರು ಹೇಳುವುದು ಹೆಚ್ಚಾಗಿ ಪಿಸ್ಟನ್ ಎಳೆಯುವ ಲೆಕ್ಕ. ಕೈಗೆ ಸಿಗುವುದು ಅದರ ಮೂರರಲ್ಲಿ ಎರಡು ಪಾಲು. ನಿಮ್ಮ ಗನ್ 280 ಕೇಳಿದರೆ ಪಂಪ್ 350 ಕೊಡುವಂತಿರಲಿ, ಪಿಸ್ಟನ್ ಪಂಪಿಗೆ ನಡುವೆ ಉಸಿರಾಡಲು ಬಿಡುವು ಬೇಕು. ಅದಕ್ಕೆ ಮೂರು ಎಚ್‌ಪಿಗಿಂತ ಮೇಲಕ್ಕೆ ಹೋಗಬೇಕಾಗುತ್ತದೆ. ಆಗ ಕರೆಂಟ್ ಕನೆಕ್ಷನ್ನಿನ ಮಂಜೂರಾದ ಲೋಡ್ ಎಷ್ಟಿದೆ ಅಂತ ಬಿಲ್ಲಿನಲ್ಲಿ ಮೊದಲೇ ನೋಡಿಕೊಳ್ಳಿ. ಚಕ್ರ ಇರುವ ಸಣ್ಣ ಡೈರೆಕ್ಟ್ ಡ್ರೈವ್ ಮೆಷಿನ್‌ಗಳು ಕುರ್ಚಿ, ಕಿಟಕಿ ಗ್ರಿಲ್, ಬೈಕ್ ಟ್ಯಾಂಕಿಗೆ ಸರಿ. ಜೀಪಿನ ಮೈಗೆ ಅವು ಸಾಲುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ನೀವು ಹೋಗುವ ಮುಂಚೆ ಸ್ಟಾರ್ಟ್ ಮಾಡಿಡಬೇಡಿ ಅಂತ ಹೇಳಿ. ತಣ್ಣಗಿರುವಾಗ ಸ್ಟಾರ್ಟ್ ಆಗುವುದನ್ನು, ಡ್ರೈನ್ ನೀರಿನ ಬಣ್ಣವನ್ನು, ಸೊನ್ನೆಯಿಂದ ಏಳಕ್ಕೆ ಹಿಡಿಯುವ ನಿಮಿಷವನ್ನು ನೀವೇ ನಿಂತು ನೋಡಿ. ಈ ಮೂರಕ್ಕೂ ಮಾಲೀಕರು ಒಪ್ಪದಿದ್ದರೆ "ಆಯ್ತು ಅಣ್ಣ, ಯೋಚನೆ ಮಾಡಿ ಹೇಳ್ತೀನಿ" ಅಂತ ಹೊರಟುಬಿಡಿ.

ಹೋದ ಟ್ಯಾಂಕನ್ನು ಹಾಗೇ ಗುಜರಿಗೆ ಕೊಡಬೇಡಿ. ಅಲ್ಲಿಂದ ಯಾರೋ ಒಯ್ದು, ತೂತಿಗೆ ವೆಲ್ಡ್ ಹೊಡೆದು, ಬಣ್ಣ ಬಳಿದು ಮತ್ತೆ ಗಾಳಿ ತುಂಬಿಸುತ್ತಾರೆ. ಡ್ರೈನ್ ತೆಗೆದು, ಗೇಜ್ ಬಿಚ್ಚಿ, ಒಳಗೆ ಗಾಳಿ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಹೊಟ್ಟೆಯ ನಡುವೆ ಡ್ರಿಲ್ಲಿನಿಂದ ನಾಲ್ಕೈದು ದೊಡ್ಡ ತೂತು ಹಾಕಿ ಕಳಿಸಿ.